ಟವೆಲ್ ಎಸೆದವನು ಸೋತನೋ, ಸೀಟು ಹಿಡಿದನೋ?

ಈಚೆಗೆ ಇಂಗ್ಲಿಷಿನಿಂದ ಮಾಡಿದ ಒಂದು ಅನುವಾದ ತಿದ್ದುತ್ತಿದ್ದೆ. ಚುನಾವಣಾ ಕಣದಿಂದ ಹಿಂದೆ ಸರಿದ ಅಭ್ಯರ್ಥಿಯ ಬಗ್ಗೆ ‘ಅವರು ಟವೆಲ್ ಎಸೆದರು’ ಅಂತ ಬರೆದಿತ್ತು. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕುವುದು ಸೀಟು ಹಿಡಿಯಲು. ಕುರ್ಚಿಗೆ ಟವೆಲ್ ಹಾಕಿದರು ಅಂದರೆ ಅಧಿಕಾರದ ಆಸೆ ಜೋರಾಗಿದೆ ಅಂತ. ಪೂರ್ತಿ ಉಲ್ಟಾ!

ಸೋಲಿನ ಇಂಗ್ಲಿಷ್ ನುಡಿಗಟ್ಟು ಎದುರಾದರೆ ನಾನು ಮಾಡುವುದು ಹೀಗೆ.

1. ವಾಕ್ಯದಲ್ಲಿ ಸಂಬಂಧವಿಲ್ಲದೆ ಟವೆಲ್, ಚಮಚ, ಬಾತುಕೋಳಿ ಬಂದರೆ ಅನುಮಾನ ಪಡಿ. ಅಷ್ಟೇ.

2. ಅದರ ಹುಟ್ಟೂರು ಹುಡುಕಿ. ‘ಥ್ರೋ ಇನ್ ದ ಟವೆಲ್’ ಬಂದದ್ದು ಬಾಕ್ಸಿಂಗ್‌ನಿಂದ. ತಮ್ಮವನು ಇನ್ನು ಏಟು ತಡೆಯಲಾರ ಅನ್ನಿಸಿದರೆ ಅವನ ಕಡೆಯವರು ‘ಸೋಲೊಪ್ಪಿದೆವು’ ಅಂತ ರಿಂಗ್ ಒಳಗೆ ಟವೆಲ್ ಎಸೆದುಬಿಡುತ್ತಾರೆ. ಹಿಂದೆ ಸ್ಪಂಜು ಎಸೆಯುತ್ತಿದ್ದರು.

3. ಸೋಲು ಯಾವ ಬಗೆಯದು ನೋಡಿ. ಎಲ್ಲರೂ ಎಡವುವುದು ಇಲ್ಲೇ. ತಾನಾಗಿ ಬಿಟ್ಟುಕೊಟ್ಟನೇ? ಹಾಗಾದರೆ ‘ಕೈಚೆಲ್ಲಿದ’. ಇನ್ನೊಬ್ಬ ಹೊಡೆದು ಕೆಡವಿದನೇ? ‘ಬೈಟ್ ದ ಡಸ್ಟ್’ಗೆ ನಮ್ಮ ‘ಮಣ್ಣು ಮುಕ್ಕಿದ’ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ‘ಡ್ಯಾಂಪ್ ಸ್ಕ್ವಿಬ್’ನಲ್ಲಿ ಯಾರೂ ಯಾರನ್ನೂ ಸೋಲಿಸಿಲ್ಲ, ನಿರೀಕ್ಷೆ ಹುಸಿಯಾಗಿದೆ. ಅದು ‘ಠುಸ್ ಪಟಾಕಿ’. ‘ಗೋ ಬೆಲ್ಲಿ ಅಪ್’ ಅಂದರೆ ಸತ್ತ ಮೀನು ಹೊಟ್ಟೆ ಮೇಲಾಗಿ ತೇಲುವ ಚಿತ್ರ. ಕಂಪನಿಗಾದರೆ ‘ದಿವಾಳಿ ಎದ್ದಿತು’ ಸಾಕು. ‘ಕಂಪನಿಯ ಹೊಟ್ಟೆ ಮೇಲೆ ಬಂತು’ ಅಂತ ಬರೆದವರನ್ನೂ ಕಂಡಿದ್ದೇನೆ.

ತೀರಾ ಕಾಡುವುದು ‘ಪಿರಿಕ್ ವಿಕ್ಟರಿ’. ಕ್ರಿ.ಪೂ. 279ರಲ್ಲಿ ಗ್ರೀಕರ ಎಪಿರಸ್ ರಾಜ್ಯದ ದೊರೆ ಪಿರಸ್ ಇಟಲಿಯ ಆಸ್ಕುಲಂನಲ್ಲಿ ರೋಮನ್ನರನ್ನು ಗೆದ್ದ. ಆದರೆ ಒಳ್ಳೊಳ್ಳೆಯ ಸೈನಿಕರನ್ನೇ ಕಳೆದುಕೊಂಡ. ಇದನ್ನು ಸೋಲು ಅಂದರೂ ತಪ್ಪು, ಬರೀ ಗೆಲುವು ಅಂದರೂ ತಪ್ಪು. ಕೋರ್ಟು ಕಚೇರಿ ಅಲೆದವರು ‘ಗೆದ್ದವನು ಸೋತ, ಸೋತವನು ಸತ್ತ’ ಅಂತಾರಲ್ಲ, ಅದರ ಮೊದಲರ್ಧ ತೆಗೆದುಕೊಳ್ಳಿ.

‘ವುಡನ್ ಸ್ಪೂನ್’ ಕೂಡ ಹಾಗೆಯೇ. ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಆನರ್ಸ್ ಪಡೆದವರ ಪೈಕಿ ಕಟ್ಟಕಡೆಯವನಿಗೆ ಗೆಳೆಯರು ತಮಾಷೆಗೆ ಮರದ ಚಮಚ ಕೊಡುತ್ತಿದ್ದರು. 1909ಕ್ಕೆ ಅದು ನಿಂತಿತು. ಅಂದರೆ ಅವನು ಫೇಲ್ ಆದವನಲ್ಲ! ಐಪಿಎಲ್ ಸುದ್ದಿಯಲ್ಲಿ ಬಂದರೆ ‘ಕೊನೆಯ ಸ್ಥಾನ’ ಅನ್ನಿ. ‘ಮರದ ಚಮಚ ಗೆದ್ದ ತಂಡ’ ಅಂದರೆ ಜಾತ್ರೆ ಪಂದ್ಯದ ಬಹುಮಾನ ಅಂದುಕೊಂಡಾರು.

ಬಸ್ ಸ್ಟ್ಯಾಂಡಿನಲ್ಲಿ ಸಿಗುವ ನುಡಿಗಟ್ಟಿನ ಕಿರುಹೊತ್ತಿಗೆಗಳನ್ನು ನಂಬಬೇಡಿ. ಹತ್ತಕ್ಕೂ ‘ಸೋಲು’ ಅಂತ ಒಂದೇ ಅರ್ಥ ಕೊಟ್ಟು ಕೈತೊಳೆದುಕೊಂಡಿರುತ್ತವೆ. ಫೋನಿನ ಅನುವಾದ ಆ್ಯಪ್ ಅವಸರಕ್ಕೆ ಸರಿ, ಅಚ್ಚಿಗೆ ಬೇಡ.

4. ಬರೆದದ್ದನ್ನು ಇಂಗ್ಲಿಷ್ ಬಾರದವರಿಗೆ ಓದಿ ಹೇಳಿ. ‘ಏನಂದೆ?’ ಅಂದರೆ ಮತ್ತೆ ಮೂರನೇ ಹಂತಕ್ಕೆ. ಏನೂ ಹೊಂದದಿದ್ದರೆ ಸುಮ್ನೆ ‘ಸೋತರು’ ಅಂತ ಬರೆಯಿರಿ. ನುಡಿಗಟ್ಟಿಗೆ ನುಡಿಗಟ್ಟೇ ಬೇಕು ಅನ್ನುವ ಹಟ ಬೇಡ.

ಆ ಅಭ್ಯರ್ಥಿ ಕೊನೆಗೆ ‘ಕೈಚೆಲ್ಲಿದರು’. ಮುಂದಿನ ಪುಟದಲ್ಲಿ ಇನ್ನೊಬ್ಬ ಮುಖಂಡರು ‘ಬಕೆಟ್ ಒದ್ದಿದ್ದರು’. ಬಕೆಟ್ ಹಿಡಿಯುವುದನ್ನು ಬಿಟ್ಟರೇನೋ ಅಂತ ಖುಷಿಪಟ್ಟೆ. ಮೂಲ ತೆಗೆದು ನೋಡಿದರೆ, ಪಾಪ, ತೀರಿಕೊಂಡಿದ್ದರು.