ಎಂಜಿನ್ ಬದಲಾದ ಬಾಕ್ಸ್‌ಸ್ಟರ್ ಕೊಳ್ಳುವ ಮುನ್ನ ನಾನು ತೆಗೆದು ನೋಡಿದ್ದು

ಪೋರ್ಷೆ ಬಾಕ್ಸ್‌ಸ್ಟರ್ 987ರ ಮೊದಲ ಸರಣಿ, ಅಂದರೆ 2005ರಿಂದ 2008ರ ಮಾದರಿಗಳು, ಸೆಕೆಂಡ್‌ಹ್ಯಾಂಡ್ ಬಜಾರಿಗೆ ಬಂದಾಗ ಕೆಲವಕ್ಕೆ ಎಂಜಿನ್ ಬದಲಾಗಿರುತ್ತದೆ. ಅದನ್ನು ಕೇಳಿದೊಡನೆ ಕೆಲವರು ಹಿಂದೆ ಸರಿಯುತ್ತಾರೆ, ಇನ್ನು ಕೆಲವರು ‘ಹೊಸ ಎಂಜಿನ್ ಅಂತೆ’ ಎಂದು ಕಣ್ಣು ಮುಚ್ಚಿ ಅಡ್ವಾನ್ಸ್ ಕೊಡುತ್ತಾರೆ. ಬಳ್ಳಾರಿಯಲ್ಲಿ ಇಟ್ಟುಕೊಂಡು ಓಡಿಸಲು ನಾನು ಕೊಂಡದ್ದು ಅಂಥದ್ದೇ 2.7 ಲೀಟರಿನ ಕಾರು, ಮ್ಯಾನ್ಯುಯಲ್ ಗೇರು. ಈಗ ಕೂತಿರುವ ಎಂಜಿನ್ ಹೇಗಿದೆ ಎಂದು ಎಲ್ಲರೂ ಕೇಳುತ್ತಾರೆ. ಹಳೆಯದು ಯಾಕೆ ಹೋಯಿತು, ಅದರ ಯಾವ ಯಾವ ಭಾಗ ಇನ್ನೂ ಕಾರಿನಲ್ಲೇ ಇದೆ ಎಂದೂ ಕೇಳಬೇಕು. ನನ್ನ ತಪಾಸಣೆಯೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ನಡೆಯಿತು.

ಮೊದಲು ನಂಬರು. ಈ ಕಾರಿನಲ್ಲಿ ಎಂಜಿನ್ ಸೀಟಿನ ಹಿಂದೆ ಹುದುಗಿದೆ, ಬಾನೆಟ್ ಎತ್ತಿದರೆ ಕಾಣುವುದಿಲ್ಲ. ನಂಬರು ಓದಲು ಲಿಫ್ಟ್‌ಗೆ ಹತ್ತಿಸಲೇಬೇಕು. ಕೆಳಗಿನಿಂದ ನೋಡಿದರೆ ಆಯಿಲ್ ಸಂಪಿನ ಪಕ್ಕದಲ್ಲಿ, ಕ್ರ್ಯಾಂಕ್‌ಕೇಸಿನ ಅಲ್ಯುಮಿನಿಯಂ ಮೇಲೆ ಕೊರೆದಿರುತ್ತದೆ. ಮಣ್ಣು, ಆಯಿಲ್ ಸೇರಿ ಗಟ್ಟಿಯಾದ ಪದರ ಮುಚ್ಚಿರುವುದರಿಂದ ಮೊದಲು ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ, ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿಯಬೇಕು. ಆಗ ಅಕ್ಷರಗಳ ಗುಳಿಯಲ್ಲಿ ನೆರಳು ಬಿದ್ದು ಒಂದೊಂದೂ ಎದ್ದು ಕಾಣುತ್ತದೆ. ಗ್ರೈಂಡರ್ ಉಜ್ಜಿದ ಗೆರೆ, ಒಂದಕ್ಕೊಂದು ಹೊಂದದ ಅಂಕಿಗಳ ಎತ್ತರ, ಸುತ್ತಲಿಗಿಂತ ಹೊಳೆಯುವ ಲೋಹ ಕಂಡರೆ ಅಲ್ಲಿಗೇ ಮಾತು ನಿಲ್ಲಿಸುವುದು ಒಳ್ಳೆಯದು.

ನಂಬರಿನ ಜೊತೆಗೆ ಎಂಜಿನ್ ಮಾದರಿಯೂ ಇರುತ್ತದೆ. 987ರಲ್ಲಿ ಎಂ96/25 ಎಂದರೆ ಮೊದಲಿನ 2.7, ಎಂ96/26 ಎಂದರೆ 3.2ರ ಎಸ್ (ಹೆಚ್ಚು ಶಕ್ತಿಯ ಮಾದರಿ), 2007ರಿಂದ ಎಂ97/20 ಎಂದರೆ 2.7; 3.4ರ ಎಸ್ ಕೂಡ ಎಂ97 ಸಾಲಿನದೇ. ಅದರ ನಂತರ ‘ಎಟಿ’ ಅಥವಾ ‘ಎಕ್ಸ್’ ಅಕ್ಷರ ಇದ್ದರೆ ಅದು ಕಂಪನಿಯೇ ಕೊಟ್ಟ ಬದಲಿ ಎಂಜಿನ್. ಆ ಅಕ್ಷರ ಇಲ್ಲದೆ, ನಂಬರು ಮಾತ್ರ ಆರ್‌ಸಿಗಿಂತ ಬೇರೆ ಇದ್ದರೆ ಅದು ಇನ್ನೊಂದು ಕಾರಿನಿಂದ ಬಿಚ್ಚಿ ತಂದದ್ದು, ನಮ್ಮ ಕಡೆಯ ಮಾತಿನಲ್ಲಿ ಗುಜರಿ ಎಂಜಿನ್. ನಂಬರು ಆರ್‌ಸಿಯಲ್ಲಿ ಇದ್ದದ್ದೇ ಆಗಿದ್ದು ಮಾರುವವರು ‘ಎಂಜಿನ್ ಮಾಡಿಸಿದ್ದೇವೆ’ ಎಂದರೆ, ಅದು ಅದೇ ಕೇಸಿನಲ್ಲಿ ಒಳಗಿನ ಕೆಲಸ ಮಾಡಿಸಿದ್ದು. ಈ ಮೂರಕ್ಕೂ ಬೆಲೆ ಬೇರೆ ಬೇರೆ. ಬಿಲ್ ಸಮೇತ ಇರುವ ಎಟಿ ಎಂಜಿನ್ ಇದ್ದರೆ ನಾನು ಒಂದಿಷ್ಟು ಹೆಚ್ಚಿಗೆ ಕೊಡಲು ತಯಾರಿರುತ್ತೇನೆ. ಗುಜರಿ ಎಂಜಿನ್‌ಗೆ ಅದು ಎಷ್ಟೇ ಚೆನ್ನಾಗಿ ಓಡಿದರೂ ‘ಚರಿತ್ರೆ ಗೊತ್ತಿಲ್ಲ’ ಎಂದೇ ಲೆಕ್ಕ ಹಾಕಬೇಕು.

ಇದರಲ್ಲಿ ಇನ್ನೊಂದು ವಿಷಯ ಇದೆ. ಈ ಎಂಜಿನ್‌ಗಳ ಹೆಸರು ಕೆಡಿಸಿದ್ದು ಐಎಂಎಸ್ ಬೇರಿಂಗ್, ಅಂದರೆ ಮಧ್ಯದ ಶಾಫ್ಟಿನ ತುದಿಯ ಬೇರಿಂಗ್. 2005ರವರೆಗಿನ ಹೆಚ್ಚಿನವುಗಳಲ್ಲಿ ಚಿಕ್ಕ ಬೇರಿಂಗ್. ಗೇರ್‌ಬಾಕ್ಸ್ ಇಳಿಸಿದರೆ ಅದನ್ನು ಹೊರತೆಗೆದು ಬದಲಿಸಬಹುದು. ನಂತರದವುಗಳಲ್ಲಿ ದೊಡ್ಡ ಬೇರಿಂಗ್. ಕೇಸು ಬಿಚ್ಚದೆ ಅದು ಬರುವುದಿಲ್ಲ, ಆದರೆ ಅದು ಹೋಗುವುದೂ ತೀರಾ ಕಡಿಮೆ. ಗೇರ್‌ಬಾಕ್ಸ್ ಬಿಚ್ಚಿದಾಗ ನಡುವಿನ ನಟ್ 22 ಮಿ.ಮೀ. ಇದ್ದರೆ ದೊಡ್ಡದು. ಹಾಗಾಗಿ 2005ರ ಕಾರಿಗೆ ಆಮೇಲೆ ತಯಾರಾದ ಬದಲಿ ಎಂಜಿನ್ ಕೂತಿದ್ದರೆ ಅದು ಮೂಲ ಎಂಜಿನ್‌ಗಿಂತಲೂ ಮೇಲು.

ಈಗ ಹಳೆಯದು ಯಾಕೆ ಹೋಯಿತು ಎಂಬ ಪ್ರಶ್ನೆ. ಗ್ಯಾರೇಜಿನ ಬಿಲ್‌ನಲ್ಲಿ ಎಂಜಿನ್ ಹೆಸರು ಮಾತ್ರ ನೋಡಬೇಡಿ, ಅದರ ಕೆಳಗೆ ಇರುವ ಸಣ್ಣ ಸಾಮಾನುಗಳ ಪಟ್ಟಿ ನೋಡಿ. ಹಳೆಯದು ಬೇರಿಂಗ್ ಒಡೆದು ಹೋಗಿದ್ದರೆ ಉಕ್ಕಿನ ಪುಡಿ ಆಯಿಲ್ ಜೊತೆ ಎಲ್ಲ ಕಡೆ ತಿರುಗಿರುತ್ತದೆ. ಎಂಜಿನ್ ಮೇಲೆ ಕೂರುವ ಆಯಿಲ್ ಕೂಲರ್‌ನ ತೆಳು ಪದರಗಳ ನಡುವೆ ಸಿಕ್ಕ ಪುಡಿ ಎಷ್ಟು ತೊಳೆದರೂ ಪೂರ್ತಿ ಬರುವುದಿಲ್ಲ. ಅದೇ ಕೂಲರನ್ನು ಹೊಸ ಎಂಜಿನ್‌ಗೆ ಕೂರಿಸಿದರೆ ಆ ಪುಡಿ ಮೊದಲ ದಿನವೇ ಹೊಸ ಬೇರಿಂಗ್‌ಗಳಿಗೆ ಹೋಗುತ್ತದೆ. ಬಿಲ್‌ನಲ್ಲಿ ಹೊಸ ಆಯಿಲ್ ಕೂಲರ್ ಇಲ್ಲದಿದ್ದರೆ ಅದರ ಬೆಲೆಯನ್ನೂ ಕೂಲಿಯನ್ನೂ ಕಾರಿನ ಬೆಲೆಯಲ್ಲಿ ಕಳೆಯಿರಿ. ಹಳೆಯದು ಆಯಿಲ್ ತಿಂದು ತಿಂದು ಹೋಗಿದ್ದರೆ ಆ ಸುಟ್ಟ ಆಯಿಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗಳಲ್ಲಿ ಕೂತಿರುತ್ತದೆ. ಆಕ್ಸಿಜನ್ ಸೆನ್ಸರ್‌ಗಳೂ ಹಾಳಾಗಿರುತ್ತವೆ. ಬಿಸಿಯಾಗಿ ಹೋಗಿದ್ದರೆ ವಾಟರ್ ಪಂಪ್, ಥರ್ಮೋಸ್ಟಾಟ್, ಕೂಲಂಟ್ ಟ್ಯಾಂಕ್, ರೇಡಿಯೇಟರ್ ಫ್ಯಾನ್ ಬದಲಾಗಿದೆಯೇ ನೋಡಿ. ಕಾರಣ ಹಾಗೇ ಉಳಿದು ಎಂಜಿನ್ ಮಾತ್ರ ಬದಲಾಗಿದ್ದರೆ ಎರಡನೆಯದೂ ಅದೇ ದಾರಿ ಹಿಡಿಯುತ್ತದೆ. ಕ್ಲಚ್ ಪ್ಲೇಟು, ಡ್ಯುಯಲ್ ಮಾಸ್ ಫ್ಲೈವೀಲ್, ಹಿಂದಿನ ಕ್ರ್ಯಾಂಕ್ ಸೀಲ್ ಇವೆಲ್ಲ ಎಂಜಿನ್ ಇಳಿಸಿದ್ದಾಗಲೇ ಹಾಕಬೇಕಾದ ಸಾಮಾನು. ಆಗ ಉಳಿಸಿದ ದುಡ್ಡು ನಿಮ್ಮ ತಲೆಗೆ ಬರುತ್ತದೆ.

ಕಾರು ನೋಡಲು ಬೆಳಿಗ್ಗೆ ಹೋಗುವೆನೆಂದೂ ಅದಕ್ಕೆ ಮೊದಲು ಸ್ಟಾರ್ಟ್ ಮಾಡಬಾರದೆಂದೂ ಹಿಂದಿನ ದಿನವೇ ಹೇಳಿಡಿ. ಹೋದ ಕೂಡಲೇ ಸೈಲೆನ್ಸರ್ ಮುಟ್ಟಿ ನೋಡಿ, ತಣ್ಣಗಿರಬೇಕು. ಸ್ಟಾರ್ಟ್ ಆದಾಗ ಅರೆಕ್ಷಣ ಸ್ವಲ್ಪ ಹೊಗೆ ಬಂದರೆ ಚಿಂತೆಯಿಲ್ಲ. ಸಿಲಿಂಡರ್‌ಗಳು ಅಡ್ಡ ಮಲಗಿರುವುದರಿಂದ ಒಂದಿಷ್ಟು ಆಯಿಲ್ ಬೋರಿಗೆ, ಅಂದರೆ ಸಿಲಿಂಡರ್ ಒಳಕ್ಕೆ ಜಾರುತ್ತದೆ. ದಟ್ಟ ಬಿಳಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಸೆಪರೇಟರ್‌ನ, ಅಂದರೆ ಎಂಜಿನ್ ಒಳಗಿನ ಆವಿಯಿಂದ ಆಯಿಲ್ ಬೇರ್ಪಡಿಸುವ ಡಬ್ಬಿಯ ಒಳಗಿನ ರಬ್ಬರ್ ಹರಿದಿರಬಹುದು. ಐಡಲ್‌ನಲ್ಲಿ ಹಿಂದಿನ ಡಿಕ್ಕಿಯಲ್ಲಿರುವ ಆಯಿಲ್ ಕ್ಯಾಪ್ ಎತ್ತಿ ನೋಡಿ: ಸಣ್ಣಗೆ ಎಳೆತ ಇರಬೇಕು, ಕೈಗೆ ಬಾರದಷ್ಟು ಬಿಗಿಯಾಗಿ ಎಳೆದರೆ ಸೆಪರೇಟರ್ ಹೋಗಿದೆ. ಒತ್ತಡ ಅಳೆಯುವ ಮ್ಯಾನೋಮೀಟರ್ ಇದ್ದರೆ 4ರಿಂದ 6 ಇಂಚು ನೀರಿನಷ್ಟು ಎಳೆತ ಸರಿ.

ಆಮೇಲೆ ಸ್ಕ್ಯಾನರ್. ಪೋರ್ಷೆಯ ಕಂಪ್ಯೂಟರನ್ನೇ ಓದುವಂಥದ್ದು ಬೇಕು, ಸಾಮಾನ್ಯ ಒಬಿಡಿ ಡಬ್ಬಿ ಸಾಲದು. ದೋಷದ ಕೋಡ್ ಒಂದೂ ಇಲ್ಲ, ಆದರೆ ರೆಡಿನೆಸ್ ಪರೀಕ್ಷೆಗಳು (ಕಾರು ತನ್ನನ್ನು ತಾನೇ ಮಾಡಿಕೊಳ್ಳುವ ಪರೀಕ್ಷೆಗಳು) ಮುಗಿದಿಲ್ಲ ಎಂದು ತೋರಿಸಿದರೆ ನೀವು ಬರುವ ಮುಂಚೆ ಯಾರೋ ಕೋಡ್ ಅಳಿಸಿದ್ದಾರೆ. ಎರಡೂ ಬ್ಯಾಂಕ್‌ಗಳ, ಅಂದರೆ ಎರಡು ಬದಿಯ ಮೂರು ಮೂರು ಸಿಲಿಂಡರ್‌ಗಳ ಕ್ಯಾಮ್‌ಶಾಫ್ಟ್ ಕೋನದ ವ್ಯತ್ಯಾಸ 6 ಡಿಗ್ರಿ ಆಚೀಚೆಯೊಳಗೆ, ಅಲುಗಾಡದೆ ನಿಲ್ಲಬೇಕು. ಒಂದು ಬ್ಯಾಂಕ್ ಹಾರಾಡುತ್ತಿದ್ದರೆ ಚೈನು ಅಥವಾ ಅದರ ಪ್ಯಾಡ್ ಸವೆದಿದೆ.

ಬಹಳ ಜನ ಎಡವುವುದು ಓವರ್‌ರೆವ್ ದಾಖಲೆಯಲ್ಲಿ. ಎಂಜಿನ್ ಮಿತಿ ಮೀರಿ ತಿರುಗಿದಾಗಿನ ಪ್ರತಿ ಇಗ್ನಿಷನ್ನನ್ನೂ, ಅಂದರೆ ಸ್ಪಾರ್ಕನ್ನೂ ಕಂಪ್ಯೂಟರ್ ಎಣಿಸಿ, ಕೊನೆಯ ಸಲ ಎಷ್ಟನೇ ಗಂಟೆಯಲ್ಲಿ ಎಂದು ಬರೆದಿಡುತ್ತದೆ. ಮೊದಲ ಹಂತ ಎಂದರೆ ಲಿಮಿಟರ್ (ಎಂಜಿನ್ ವೇಗ ತಡೆಯುವ ಮಿತಿ) ಮುಟ್ಟಿದ್ದು, ದೊಡ್ಡ ವಿಷಯವಲ್ಲ. ಎರಡನೇ ಹಂತ ಎಂದರೆ ಐದಕ್ಕೆ ಬದಲು ಮೂರಕ್ಕೆ ಗೇರು ಬಿದ್ದಂಥ ತಪ್ಪು. ಆದರೆ ಕಂಪ್ಯೂಟರ್ ಕಾರಿನ ಜೊತೆ ಉಳಿಯುತ್ತದೆ, ಎಂಜಿನ್ ಜೊತೆ ಹೋಗುವುದಿಲ್ಲ. ಉದಾಹರಣೆಗೆ ಓಡೋಮೀಟರ್ 62,000 ಕಿ.ಮೀ., ಒಟ್ಟು ಗಂಟೆ 1,480 ಎಂದುಕೊಳ್ಳಿ. ಸರಾಸರಿ ಗಂಟೆಗೆ 42 ಕಿ.ಮೀ. ಬಿಲ್ ಪ್ರಕಾರ 51,000ದಲ್ಲಿ ಎಂಜಿನ್ ಬದಲಾಗಿದ್ದರೆ ಅದು ಸುಮಾರು 1,215ನೇ ಗಂಟೆ. ಎರಡನೇ ಹಂತದ ದಾಖಲೆ 1,190ರಲ್ಲಿ ನಿಂತಿದ್ದರೆ ಅದು ಸತ್ತ ಎಂಜಿನ್‌ನ ಪಾಪ. ಬಹುಶಃ ಅದು ಸತ್ತದ್ದೇ ಅದರಿಂದ. 1,400ರಲ್ಲಿದ್ದರೆ ಈಗಿನದರ ಮೇಲೆ ಬಿದ್ದ ಪೆಟ್ಟು. ಇದೇ ಲೆಕ್ಕದಿಂದ ಓಡೋಮೀಟರ್ ತಿರುಗಿಸಿದ್ದೂ ಸಿಕ್ಕಿಬೀಳುತ್ತದೆ: ಸರಾಸರಿ ತೀರಾ ಕಡಿಮೆ ಬಂದರೆ ಕಿಲೋಮೀಟರ್ ಕಡಿಮೆ ಮಾಡಿರಬಹುದು ಎಂದು ಅನುಮಾನಿಸಬೇಕು.

ಲಿಫ್ಟ್ ಮೇಲಿರುವಾಗಲೇ ಆಯಿಲ್ ಇಳಿಸಲು ಒಪ್ಪಿಸಿ, ಹೊಸ ಆಯಿಲ್ ಖರ್ಚು ನಿಮ್ಮದೇ ಇರಲಿ. ಡ್ರೇನ್ ಪ್ಲಗ್‌ಗೆ 8 ಮಿ.ಮೀ. ಅಲನ್ ಕೀ, ಮತ್ತೆ ಬಿಗಿಯುವಾಗ 50 ನ್ಯೂಟನ್ ಮೀಟರ್. ಫಿಲ್ಟರ್ ಡಬ್ಬಿಗೆ 25 ಸಾಕು, ಪ್ಲಾಸ್ಟಿಕ್ ಅದು, ಜೋರು ಮಾಡಿದರೆ ಸೀಳುತ್ತದೆ. ಫಿಲ್ಟರಿನ ಕಾಗದವನ್ನು ಬ್ಲೇಡಿನಿಂದ ಕತ್ತರಿಸಿ, ಮಡಿಕೆ ಬಿಡಿಸಿ, ಬಿಳಿ ತಟ್ಟೆಯಲ್ಲಿ ಪೆಟ್ರೋಲ್ ಹಾಕಿ ಅಲುಗಾಡಿಸಿ ಬಿಸಿಲಿಗೆ ಹಿಡಿಯಿರಿ. ಕಂದು ಬಣ್ಣದ ಪ್ಲಾಸ್ಟಿಕ್ ಚೂರು ಒಂದೆರಡು ಇದ್ದರೆ ಚೈನ್ ಪ್ಯಾಡ್‌ನ ಸವೆತ, ವಯಸ್ಸಿಗೆ ಸಹಜ. ಕಪ್ಪು ರಬ್ಬರಿನ ಚೂರು ಕಂಡರೆ ಐಎಂಎಸ್ ಬೇರಿಂಗಿನ ಸೀಲ್ ಹರಿದಿರಬಹುದು. ತಟ್ಟೆಯ ಕೆಳಗೆ ಅಯಸ್ಕಾಂತ ಎಳೆದಾಗ ಹಿಂದೆ ಹಿಂದೆ ಬರುವ ಮಿನುಗು ಉಕ್ಕು, ಅಂದರೆ ಬೇರಿಂಗ್ ಅಥವಾ ಚೈನು. ಅಯಸ್ಕಾಂತಕ್ಕೆ ಬಾರದೆ ಬೆಳ್ಳಿಯಂತೆ ಹೊಳೆಯುವುದು ಅಲ್ಯುಮಿನಿಯಂ, ಪಿಸ್ಟನ್ ಕಡೆಯದು.

ಬೋರಿನ ಗೀರು ನೋಡಲು ಕ್ಯಾಮೆರಾ ಬೇಕು. 5.5 ಮಿ.ಮೀ. ದಪ್ಪದ, ತುದಿಗೆ ಕನ್ನಡಿ ಸಿಗುವಂಥದ್ದು ಸಾಕು. ಪ್ಲಗ್ ತೂತಿನಿಂದ ಇಳಿಸಿದರೆ ಮೇಲಿನ ಭಾಗ ಮಾತ್ರ ಕಾಣುತ್ತದೆ. ಗೀರು ಶುರುವಾಗುವುದು ಕೆಳಗೆ. ಆದ್ದರಿಂದ ಸಂಪ್ ತಟ್ಟೆ ಬಿಚ್ಚಿ, ಪಿಸ್ಟನ್ ಮೇಲಿನ ತುದಿಗೆ ತಂದು, ಕೆಳಗಿನಿಂದ ನೋಡಬೇಕು. ಹೆಚ್ಚಾಗಿ ಎರಡನೇ ಬ್ಯಾಂಕಿನ 4, 5, 6ರಲ್ಲಿ, ಅದರಲ್ಲೂ 6ರಲ್ಲಿ ಮೊದಲು ಕಾಣುತ್ತದೆ. ಹೋನಿಂಗ್‌ನ ಅಡ್ಡಗೆರೆಗಳು ಹಾಗೇ ಇರಬೇಕು. ಉದ್ದಕ್ಕೆ ಉಗುರಿನಿಂದ ಗೀಚಿದಂತೆ ಕಪ್ಪು ಪಟ್ಟೆ ಇದ್ದರೆ ಮುಗಿಯಿತು. 2.7ರಲ್ಲಿ ಈ ತೊಂದರೆ ಕಡಿಮೆ, 3.4ರಲ್ಲಿ ಹೆಚ್ಚು. ಕಂಪ್ರೆಷನ್ ಪರೀಕ್ಷೆಯೊಂದನ್ನೇ ನಂಬಬೇಡಿ. ಗೀರು ಬಿದ್ದ ಬೋರಿನಲ್ಲೂ ಆಯಿಲ್ ಸೀಲ್‌ನಂತೆ ನಿಂತು ಒತ್ತಡ ಸರಿಯಾಗಿಯೇ ತೋರುತ್ತದೆ.

ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆ ಓಡಿದ ಕಾರಿಗೆ ಧೂಳಿನ ಪರೀಕ್ಷೆ ಪ್ರತ್ಯೇಕವಾಗಿ ಮಾಡಬೇಕು. ಅದಿರಿನ ಕೆಂಪು ಧೂಳು ಬಹಳ ಸಣ್ಣದು, ಗಡುಸು. ಏರ್ ಫಿಲ್ಟರ್ ಡಬ್ಬಿ ಬಿಚ್ಚಿ, ಫಿಲ್ಟರ್ ದಾಟಿದ ಮೇಲಿನ ಪೈಪಿನ ಒಳಗೆ ಬಿಳಿ ಬಟ್ಟೆ ಹಾಕಿ ಒರೆಸಿ. ಬಟ್ಟೆ ಕೆಂಪಾದರೆ ಧೂಳು ಎಂಜಿನ್ ಒಳಗೆ ಹೋಗಿದೆ, ಪಿಸ್ಟನ್ ರಿಂಗುಗಳು ಸವೆದಿರಬಹುದು. ಬದಲಿ ಎಂಜಿನ್ ಹಾಕಿದವರು ಗಾಳಿ ಪೈಪಿನ ಹಳೆಯ ರಬ್ಬರ್ ಬೂಟನ್ನು ಸರಿಯಾಗಿ ಕೂರಿಸದೆ ಬಿಟ್ಟಿದ್ದರೆ ಹೀಗಾಗುತ್ತದೆ.

ರೇಡಿಯೇಟರ್‌ಗಳು ಮುಂದಿನ ಬಂಪರಿನ ಎರಡು ಮೂಲೆಯಲ್ಲಿವೆ, ಅವುಗಳ ಮುಂದೆ ಎಸಿ ಕಂಡೆನ್ಸರ್. ಇವೆರಡರ ನಡುವೆ ಎಲೆ, ಧೂಳು, ಮಳೆನೀರು ಸೇರಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಹೊರಗಿನಿಂದ ಟಾರ್ಚ್ ಹಾಕಿದರೆ ಕಂಡೆನ್ಸರ್ ಚೊಕ್ಕವಾಗಿಯೇ ಕಾಣುತ್ತದೆ, ಮೋಸಹೋಗಬೇಡಿ. ಬಂಪರ್ ಬಿಚ್ಚಿ ಕಂಡೆನ್ಸರ್ ಮುಂದಕ್ಕೆ ವಾಲಿಸಿದರೆ ಮಾತ್ರ ಒಳಗಿನದು ತಿಳಿಯುತ್ತದೆ. ನಾನು ಬಿಚ್ಚಿದಾಗ ಎರಡೂ ಕಡೆಯಿಂದ ಬಂದ ಕೆಂಪು ಹೆಂಟೆಗಳು ಅರ್ಧ ಬಕೆಟ್ ಆದವು. ಸಣ್ಣ ಒತ್ತಡದ ನೀರನ್ನು ಹಿಂದಿನಿಂದ ಮುಂದಕ್ಕೆ ಬಿಡಬೇಕು; ಪ್ರೆಷರ್ ವಾಷರ್ ಹಿಡಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಏಪ್ರಿಲ್-ಮೇನಲ್ಲಿ ಮಧ್ಯಾಹ್ನ ಎಸಿ ಹಾಕಿ 20 ನಿಮಿಷ ನಿಂತಲ್ಲೇ ಐಡಲ್ ಬಿಟ್ಟು ಸ್ಕ್ಯಾನರ್‌ನಲ್ಲಿ ಕೂಲಂಟ್ ಉಷ್ಣತೆ ನೋಡಿ. ಡ್ಯಾಶ್‌ಬೋರ್ಡ್ ಮುಳ್ಳನ್ನು ನಂಬಬೇಡಿ. ಎಸಿ ಹಾಕಿದ ಕೂಡಲೇ ಎರಡೂ ಫ್ಯಾನ್ ನಿಧಾನ ವೇಗದಲ್ಲಿ ತಿರುಗಬೇಕು. ತಿರುಗದೆ, ತುಂಬಾ ಬಿಸಿಯಾದಾಗ ಮಾತ್ರ ಜೋರಾಗಿ ತಿರುಗಿದರೆ ಫ್ಯಾನಿನ ರೆಸಿಸ್ಟರ್ ಸುಟ್ಟಿದೆ. ಸಣ್ಣ ಸಾಮಾನು, ಆದರೆ ನಮ್ಮ ಬಿಸಿಲಿಗೆ ಅದೇ ಎಂಜಿನ್ ತಿನ್ನುತ್ತದೆ.

ಇಷ್ಟೆಲ್ಲ ಸರಿ ಇದ್ದರೂ ಕಾಗದ ಸರಿ ಇಲ್ಲದಿದ್ದರೆ ಕೊಳ್ಳಬೇಡಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ಎಂಜಿನ್ ಬದಲಿಸಿದ್ದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ತಿದ್ದಿಸಬೇಕು. ಈ ಕೆಲಸ ಮಾರುವವರೇ ಮಾಡಿಕೊಡಬೇಕು, ‘ಆಮೇಲೆ ಮಾಡಿಸೋಣ’ ಎಂಬ ಮಾತಿಗೆ ಒಪ್ಪಬಾರದು. ಎಂಜಿನ್ ಕೊಂಡ ಬಿಲ್, ಹೊರದೇಶದಿಂದ ಬಂದದ್ದಾದರೆ ಕಸ್ಟಮ್ಸ್ ಕಾಗದ ಕೇಳಿ. ಗುಜರಿ ಎಂಜಿನ್ ಆಗಿದ್ದರೆ ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆ) ವಾಹನ್ ಸಮನ್ವಯ ಜಾಲತಾಣದಲ್ಲಿ ಎಂಜಿನ್ ನಂಬರು ಹಾಕಿ ಕಳವಿನ ದಾಖಲೆ ಇದೆಯೇ ನೋಡಿ. ಆರ್‌ಸಿಯಲ್ಲಿ ಸಿಸಿಯೂ ಹೊಂದಬೇಕು: 2.7ಕ್ಕೆ 2687, 3.2ಕ್ಕೆ 3179, 3.4ಕ್ಕೆ 3387. ಸಣ್ಣ ಎಂಜಿನ್ ಜಾಗದಲ್ಲಿ ದೊಡ್ಡದು ಕೂತಿದ್ದರೆ ಅದು ಬದಲಿ ಅಲ್ಲ, ಮಾರ್ಪಾಡು. ಅಂಥದ್ದರ ಹತ್ತಿರ ನಾನು ಹೋಗುವುದಿಲ್ಲ. ಮಾಲೀಕತ್ವ ವರ್ಗಾವಣೆಗೆ ಫಾರಂ 29, 30. ಸಾಲ ತೀರಿಸಿದ್ದರೆ ಫಾರಂ 35. ಆಂಧ್ರ, ತೆಲಂಗಾಣದ ಕಾರಾದರೆ ಫಾರಂ 28ರ ಎನ್‌ಒಸಿ, ಮೇಲೆ ಕರ್ನಾಟಕದ ಲೈಫ್ ಟ್ಯಾಕ್ಸ್. ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯುವಾಗ ನೀವೇ ಎದುರಿಗೆ ನಿಂತು ಅಂಕಿ ಅಂಕಿ ಹೋಲಿಸಿ. ಇನ್ಶೂರೆನ್ಸ್ ಪಾಲಿಸಿಯಲ್ಲೂ ಹೊಸ ಎಂಜಿನ್ ನಂಬರೇ ಬರಬೇಕು, ಇಲ್ಲದಿದ್ದರೆ ಕ್ಲೇಮ್ ಸಮಯದಲ್ಲಿ ಅಡ್ಡಿ ಬರುತ್ತದೆ.

ಕೊಂಡ ಮೇಲೆ ಮೊದಲ ವಾರದಲ್ಲಿ ಆಯಿಲ್ ಕೂಲರ್, ಸೆಪರೇಟರ್, ವಾಟರ್ ಪಂಪ್ ಬದಲಿಸಿದೆ. ಕೂಲಂಟ್ 20 ಲೀಟರಿಗೂ ಹೆಚ್ಚು ಹಿಡಿಯುತ್ತದೆ, ಪೈಪು ಮುಂದಿನಿಂದ ಹಿಂದಿನವರೆಗೆ ಹೋಗುತ್ತದೆ; ವ್ಯಾಕ್ಯೂಮ್ ಎಳೆದು ತುಂಬಿಸದಿದ್ದರೆ ಗಾಳಿ ಸಿಕ್ಕಿಕೊಂಡು ಒಂದು ಬ್ಯಾಂಕ್ ಬಿಸಿಯಾಗುತ್ತದೆ. ಆಯಿಲ್ ಏಳೂವರೆಯಿಂದ ಎಂಟು ಲೀಟರ್, ಪೋರ್ಷೆಯ ಎ40 ಒಪ್ಪಿಗೆ ಇರುವ 5ಡಬ್ಲ್ಯು-50 ಹಾಕಿದೆ. ಡ್ರೇನ್ ಪ್ಲಗ್ ಅಯಸ್ಕಾಂತ ಇರುವಂಥದ್ದು. 1,000 ಕಿ.ಮೀ. ಆದಾಗ ಒಂದು ಸಲ ಫಿಲ್ಟರ್ ಮತ್ತೆ ಕತ್ತರಿಸಿ ನೋಡಿದೆ, ಆಮೇಲೆ ಪ್ರತಿ 8,000ಕ್ಕೆ. ಎಷ್ಟು ಆಯಿಲ್ ಮೇಲೆ ಹಾಕಿದೆ ಎಂದು ಓಡೋಮೀಟರ್ ಜೊತೆಗೆ ಚೀಟಿಯಲ್ಲಿ ಬರೆದು ಡಿಕ್ಕಿಯಲ್ಲೇ ಇಡುತ್ತೇನೆ. ಬಂಪರ್ ವರ್ಷಕ್ಕೊಮ್ಮೆ, ಯುಗಾದಿಗೆ ಮುಂಚೆ ಬಿಚ್ಚುತ್ತೇನೆ, ಬಿಸಿಲು ಏರುವಷ್ಟರಲ್ಲಿ ರೇಡಿಯೇಟರ್ ಚೊಕ್ಕವಿರಬೇಕು.