ಎಂಸಿಎಂಗೆ ಇಳಿಯುವ ಮುಂಚೆ ಗೊರೂರು ಡ್ಯಾಮ್ ತುಂಬಿಸಿ ನೋಡಿ

ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಇಂಜಿನಿಯರಿಂಗ್ ಅಥವಾ ಬಿಎಸ್ಸಿ ಓದುತ್ತಿದ್ದೀರಾ? ಗಣಿತದಲ್ಲಿ ರ‍್ಯಾಂಕ್ ಬರದಿದ್ದರೂ ಪರವಾಗಿಲ್ಲ, ಎಂಸಿಎಂ (ಮ್ಯಾಥಮೆಟಿಕಲ್ ಕಾಂಟೆಸ್ಟ್ ಇನ್ ಮಾಡೆಲಿಂಗ್) ಅನ್ನುವ ಸ್ಪರ್ಧೆಗೆ ಒಂದು ಸಲ ಇಳಿಯಿರಿ. ಮಾಡೆಲಿಂಗ್ ಅಂದರೆ ನಿಜ ಜೀವನದ ಒಂದು ಸಮಸ್ಯೆಯನ್ನು ಗಣಿತದ ಲೆಕ್ಕಕ್ಕೆ ಇಳಿಸಿ ಉತ್ತರ ಹುಡುಕುವುದು. ಅಮೆರಿಕದ ಕೋಮ್ಯಾಪ್ ಸಂಸ್ಥೆ ಇದನ್ನು 1985ರಿಂದ ನಡೆಸುತ್ತಿದೆ. ಹೆಚ್ಚೆಂದರೆ ಮೂರು ಜನರ ತಂಡ, ಒಂದು ಪ್ರಶ್ನೆ, ನಾಲ್ಕು ದಿನ, ಕೊನೆಗೆ 25 ಪುಟದೊಳಗೆ ಒಂದು ವರದಿ. ಪುಸ್ತಕ ನೋಡಬಹುದು, ಇಂಟರ್ನೆಟ್ ಜಾಲಾಡಬಹುದು, ಕೋಡ್ ಬರೆಯಬಹುದು. ಆದರೆ ತಂಡದ ಹೊರಗಿನವರ ಹತ್ತಿರ ಪ್ರಶ್ನೆಯ ಬಗ್ಗೆ ತುಟಿ ಬಿಚ್ಚುವ ಹಾಗಿಲ್ಲ, ನಿಮ್ಮ ಮೇಷ್ಟ್ರ ಹತ್ತಿರವೂ.

ಮೇಷ್ಟ್ರು ಬೇಕಾಗುವುದು ನೋಂದಣಿಗೆ. ಸಲಹೆಗಾರರಾಗಿ ಅವರೇ ತಂಡದ ಹೆಸರು ಕೊಡಬೇಕು, ಒಂದು ತಂಡಕ್ಕೆ 100 ಡಾಲರ್ ಶುಲ್ಕ. ಸ್ಪರ್ಧೆ ಶುರುವಾದ ಮೇಲೆ ಸೇರಿಸಿಕೊಳ್ಳುವುದಿಲ್ಲ, ಹಾಗಾಗಿ ಡಿಸೆಂಬರ್‌ನಲ್ಲೇ ಹೋಗಿ ಕೇಳಿ. ಶುಲ್ಕ ಕಾಲೇಜು ಕೊಡುತ್ತಾ ಅಂತಲೂ ಆಗಲೇ ಕೇಳಿಬಿಡಿ.

ಈಗ ತಯಾರಿ. ಹಳೆಯ ಪ್ರಶ್ನೆಪತ್ರಿಕೆ ನೋಡಿ ಹೆದರಬೇಡಿ, ಮೊದಲು ನಮ್ಮೂರಿನದೇ ಒಂದು ಲೆಕ್ಕ ಹಿಡಿಯಿರಿ. ಮಳೆಗಾಲದಲ್ಲಿ ಪೇಪರ್ ತೆಗೆದರೆ ಹೇಮಾವತಿ ಜಲಾಶಯದ ಒಳಹರಿವು, ಹೊರಹರಿವು ದಿನಾ ಇರುತ್ತದೆ ಅಲ್ವಾ? ಈ ಜಲಾಶಯದ, ಅಂದರೆ ಗೊರೂರು ಡ್ಯಾಮ್‌ನ, ಗರಿಷ್ಠ ಸಂಗ್ರಹ ಸುಮಾರು 37.1 ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಇವತ್ತು 30 ಟಿಎಂಸಿ ಇದೆ, ಒಳಹರಿವು 20,000 ಕ್ಯೂಸೆಕ್, ಹೊರಹರಿವು 5,000 ಅಂತ ಇಟ್ಟುಕೊಳ್ಳಿ. ತುಂಬಲು ಎಷ್ಟು ದಿನ? ಉಳಿಯುವುದು 15,000 ಕ್ಯೂಸೆಕ್, ಅಂದರೆ ಸೆಕೆಂಡಿಗೆ 15,000 ಘನ ಅಡಿ. ದಿನಕ್ಕೆ 86,400 ಸೆಕೆಂಡು. ಗುಣಿಸಿದರೆ ಸುಮಾರು 1.3 ಟಿಎಂಸಿ. ಬೇಕಿರುವುದು 7.1, ಹಾಗಾಗಿ ಐದೂವರೆ ದಿನ.

ಇಷ್ಟೇ ಮಾಡಿದರೂ ಅದು ಮಾಡೆಲ್. ಆದರೆ ಮಾಡೆಲಿಂಗ್ ಇಲ್ಲಿಂದ ಶುರು. ಒಳಹರಿವು ಐದೂ ದಿನ ಒಂದೇ ಥರ ಇರುತ್ತದೆ ಅಂದುಕೊಂಡಿರಿ, ಸರಿಯಾ? ಮೂಡಿಗೆರೆ, ಸಕಲೇಶಪುರದ ಕಡೆ ಮಳೆ ನಿಂತ ಮೇಲೂ ನೀರು ಬರುತ್ತಲೇ ಇರುತ್ತದೆ, ಆ ತಡವನ್ನು ಹೇಗೆ ಲೆಕ್ಕಕ್ಕೆ ತರುತ್ತೀರಿ? ನಾಲೆಗೆ ಬಿಡುವ ನೀರು? ಆವಿ ಆಗಿ ಹೋಗುವುದನ್ನು ಬಿಟ್ಟರೆ ಏನಾಗುತ್ತದೆ, ಯಾಕೆ ಬಿಡಬಹುದು? ಒಂದೊಂದಕ್ಕೂ ಒಂದು ಸಾಲು ಕಾರಣ ಬರೆಯಿರಿ. ಆಮೇಲೆ ಒಳಹರಿವನ್ನು ಶೇ 10 ಏರಿಸಿ, 22,000 ಮಾಡಿ. ಐದೂವರೆ ದಿನ ಹೋಗಿ 4.8 ದಿನ ಆಯಿತು. ಶೇ 10 ಏರಿಸಿದ್ದಕ್ಕೆ ಉತ್ತರ ಸುಮಾರು ಶೇ 12 ಇಳಿಯಿತು. ಯಾವ ಸಂಖ್ಯೆ ಸ್ವಲ್ಪ ಅಲುಗಾಡಿದರೆ ಉತ್ತರ ಎಷ್ಟು ಅಲುಗಾಡುತ್ತದೆ ಅಂತ ತೋರಿಸುವ ಈ ಕೆಲಸಕ್ಕೆ ಸೆನ್ಸಿಟಿವಿಟಿ ಅನಾಲಿಸಿಸ್ ಅನ್ನುತ್ತಾರೆ, ನಮ್ಮ ಹುಡುಗ ಹುಡುಗಿಯರು ಜಾಸ್ತಿ ಬಿಟ್ಟುಬಿಡುವುದು ಇದನ್ನೇ. ದೊಡ್ಡ ದೊಡ್ಡ ಮೆಷಿನ್ ಲರ್ನಿಂಗ್ ಹೆಸರು ತುರುಕುವುದಕ್ಕಿಂತ ಹೀಗೆ ಪರೀಕ್ಷೆ ಮಾಡಿ ತೋರಿಸಿದ ಚಿಕ್ಕ ಮಾಡೆಲ್ ಎಷ್ಟೋ ಮೇಲು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ತಂಡ ಕಟ್ಟುವಾಗ ಮೂವರೂ ಕೋಡ್ ಬರೆಯುವವರಾದರೆ ಕಷ್ಟ. ಒಬ್ಬರಿಗೆ ಸಮೀಕರಣ ಹೊಳೆಯಬೇಕು, ಒಬ್ಬರಿಗೆ ಪೈಥಾನೋ ಮ್ಯಾಟ್‌ಲ್ಯಾಬೋ ಕೈಗೆ ಹತ್ತಿರಬೇಕು, ಒಬ್ಬರು ಇಂಗ್ಲಿಷ್‌ನಲ್ಲಿ ಬಿಡಿಸಿ ಬರೆಯಬೇಕು, ಯಾಕೆಂದರೆ ವರದಿ ಇಂಗ್ಲಿಷ್‌ನಲ್ಲೇ ಇರಬೇಕು.

ಸ್ಪರ್ಧೆ ನಡೆಯುವುದು ಜನವರಿ ಕೊನೆ ಅಥವಾ ಫೆಬ್ರವರಿ ಶುರುವಿನ ಹೊತ್ತಿಗೆ, ಮನೆಯಲ್ಲಿ ತೋಟ ಇದ್ದವರಿಗೆ ರೊಬಸ್ಟಾ ಕೊಯ್ಲಿನ ಸಮಯ, ಹಾಗಾಗಿ ಮನೆಯವರಿಗೆ ಮೊದಲೇ ಹೇಳಿ ರಜೆ ಕೇಳಿಕೊಳ್ಳಿ. ಈಚಿನ ವರ್ಷಗಳ ಲೆಕ್ಕದಲ್ಲಿ ಪ್ರಶ್ನೆ ನಮಗೆ ಸಿಗುವುದು ಶುಕ್ರವಾರ ಬೆಳಗಿನ ಜಾವ 3.30ಕ್ಕೆ, ಮುಗಿಯುವುದು ಮಂಗಳವಾರ ಬೆಳಿಗ್ಗೆ 6.30ಕ್ಕೆ. ಒಟ್ಟು 99 ಗಂಟೆ. ಗುರುವಾರ ರಾತ್ರಿ ಸುಮ್ನೆ ಕಾಯುತ್ತಾ ಕೂರಬೇಡಿ, ಎಂಟಕ್ಕೇ ಮಲಗಿ ಮೂರಕ್ಕೆ ಏಳಿ. ಪ್ರಶ್ನೆಗಳು ಆರು, ಎ ಇಂದ ಎಫ್ ತನಕ. ಎ, ಬಿ, ಸಿ ಎಂಸಿಎಂನವು; ಡಿ, ಇ, ಎಫ್ ಜೊತೆಗೇ ನಡೆಯುವ ಐಸಿಎಂ ಅನ್ನುವ ಸೋದರ ಸ್ಪರ್ಧೆಯವು. ಡೇಟಾ ಜಾಸ್ತಿ ಇರುವುದು ಸಿ, ಪರಿಸರದ್ದು ಇ. ಶುಕ್ರವಾರ ಮಧ್ಯಾಹ್ನದೊಳಗೆ ಒಂದನ್ನು ಹಿಡಿಯಿರಿ, ಮತ್ತೆ ಬದಲಾಯಿಸಬೇಡಿ.

ಬರೆಯುವುದನ್ನು ಅವತ್ತೇ ಶುರು ಮಾಡಿ. ನಮ್ಮ ತಂಡ ಮೊದಲ ಸಲ ಸೋಮವಾರ ರಾತ್ರಿ ತನಕ ಬರೀ ಕೋಡ್ ಮಾಡಿತು, ಸಾರಾಂಶದ ಪುಟಕ್ಕೆ ಉಳಿದದ್ದು ಮುಕ್ಕಾಲು ಗಂಟೆ. ಆ ಪುಟದಲ್ಲಿ ಒಂದೇ ಒಂದು ಸಂಖ್ಯೆ ಇರಲಿಲ್ಲ, ನಾವು ಕಂಡುಕೊಂಡದ್ದು ಒಳಗೆ 19ನೇ ಪುಟದಲ್ಲಿ ಅಡಗಿ ಕೂತಿತ್ತು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ. ಪರೀಕ್ಷಕರು ಮೊದಲು ಓದುವುದೇ ಆ ಒಂದು ಪುಟವನ್ನು. ಅದರಲ್ಲಿ ಪ್ರಶ್ನೆ ಏನು, ಏನು ಮಾಡಿದಿರಿ, ಉತ್ತರ ಎಷ್ಟು, ಎಷ್ಟರ ಮಟ್ಟಿಗೆ ನಂಬಬಹುದು ಇಷ್ಟೂ ಬರಬೇಕು. ಭಾನುವಾರ ಸಂಜೆ ಒಂದು ಕರಡು ಮಾಡಿ, ಸೋಮವಾರ ನಾಲ್ಕೈದು ಸಲ ತಿದ್ದಿ.

ಎಐ ಬಳಸಿದ್ದರೆ ಎಲ್ಲಿ, ಹೇಗೆ ಅಂತ ವರದಿಯ ಕೊನೆಗೆ ಬೇರೆಯಾಗಿ ಬರೆಯಬೇಕು. ಆ ಪುಟಗಳು 25ರ ಲೆಕ್ಕಕ್ಕೆ ಬರುವುದಿಲ್ಲ, ಮುಚ್ಚಿಡುವ ಅಗತ್ಯವೇ ಇಲ್ಲ.

ಪಿಡಿಎಫ್ ಕಳಿಸುವ ಮುಂಚೆ ಒಂದು ಸಲ ಪೂರ್ತಿ ಹುಡುಕಿ. ನಿಮ್ಮ ಹೆಸರು, ಮೇಷ್ಟ್ರ ಹೆಸರು, ಕಾಲೇಜಿನ ಹೆಸರು ಯಾವ ಪುಟದಲ್ಲೂ ಇರಬಾರದು, ನೋಂದಣಿಯಾದಾಗ ತಂಡಕ್ಕೆ ಸಿಗುವ ಕಂಟ್ರೋಲ್ ನಂಬರ್ ಮಾತ್ರ ಇರಬೇಕು. ಅಭ್ಯಾಸಬಲದಿಂದ ಕೊನೆಗೆ ಎಚ್‌ಒಡಿಗೆ ಕೃತಜ್ಞತೆ ಬರೆದಿದ್ದರೆ ಅಳಿಸಿ, ಆ ಥ್ಯಾಂಕ್ಸನ್ನು ಮಂಗಳವಾರ ಡಿಪಾರ್ಟ್‌ಮೆಂಟಿಗೇ ಹೋಗಿ ಹೇಳಿ.