ಮೂರನೇ ಸಲಕ್ಕೆ ನಿಂತ ಸೈಕಲ್ ಸ್ಟ್ಯಾಂಡ್

"ಬಗ್ಗಿಸಿದ ಒಂದು ಪೈಪಿಗೆ ಎರಡೂವರೆ ಸಾವಿರವೇ ಸ್ವಾಮಿ? ಇನ್ನಷ್ಟು ಸೇರಿಸಿದರೆ ನನ್ನ ಊರಿನ ಮನೆಗೆ ಗೇಟೇ ಬರುತ್ತದೆ." ನಾಲ್ಕು ವರ್ಷದ ಹಿಂದೆ ಮೈಸೂರಿನ ಒಂದು ಅಪಾರ್ಟ್‌ಮೆಂಟಿನ ಸಭೆಯಲ್ಲಿ ಖಜಾಂಚಿಯವರು ಎಲ್ಲರೆದುರು ನನಗೆ ಹೇಳಿದ ಮಾತಿದು. ಮೊನ್ನೆ ಅವರೇ ಫೋನ್ ಮಾಡಿ ಇನ್ನೂ ಎಂಟು ಸ್ಟ್ಯಾಂಡ್ ಬೇಕೆಂದರು. ಅಲ್ಲಿ ನಾನು ನೆಟ್ಟ 24 ಸ್ಟ್ಯಾಂಡ್‌ಗಳಿಂದ ಇಂದಿನವರೆಗೆ ಒಂದು ಸೈಕಲ್ಲೂ ಕಳುವಾಗಿಲ್ಲ. ನಮ್ಮ ಕೈಗಾರಿಕಾ ಪ್ರದೇಶದ ಗೆಳೆಯರೂ ಆಗ ನನ್ನನ್ನು ನೋಡಿ ನಕ್ಕಿದ್ದರು. ಗೇಟು, ಗ್ರಿಲ್ಲು, ಶೆಡ್ಡು ಬೆಸೆಯುವುದು ಬಿಟ್ಟು ಸೈಕಲ್ ಸ್ಟ್ಯಾಂಡಿನ ಹಿಂದೆ ಬಿದ್ದಿದ್ದಾನಲ್ಲ ಎಂದು. ಅವರಲ್ಲಿ ಇಬ್ಬರು ಈಗ ಅಳತೆ ಕೇಳುತ್ತಿದ್ದಾರೆ. ಹಾಗಾಗಿ ಎರಡು ಸಲ ಸೋತು ಮೂರನೇ ಸಲಕ್ಕೆ ಗೆದ್ದ ಕಥೆಯನ್ನು ಬರೆದೇಬಿಡುತ್ತೇನೆ.

ಮೊದಲನೆಯದು ಬಾಚಣಿಗೆ ಸ್ಟ್ಯಾಂಡ್. 2017ರಲ್ಲಿ ಮೈಸೂರಿನಲ್ಲಿ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ಶುರುವಾದ ಮೇಲೆ ಅಪಾರ್ಟ್‌ಮೆಂಟಿನವರೂ ಸೈಕಲ್ಲಿನ ಮಾತಾಡತೊಡಗಿದ್ದರು. ಒಂದು ಕಡೆ ಟ್ರಿಣ್ ಟ್ರಿಣ್‌ನ ಸೈಕಲ್ ನಿಲ್ಲಿಸುವ ಡಾಕಿನಂತೆಯೇ ಮಾಡಿಕೊಡಿ ಎಂದು ಕೇಳಿದರು. ಆ ಡಾಕ್ ಕಚ್ಚಿ ಹಿಡಿಯುವುದು ಅದಕ್ಕೆಂದೇ ತುಂಡು ಜೋಡಿಸಿದ ಸೈಕಲ್ಲನ್ನು ಮಾತ್ರ, ಮನೆಯ ಸೈಕಲ್ಲಿಗೆ ಆಗುವುದಿಲ್ಲ ಎಂದು ತಿಳಿಸಿ ಹೇಳಿದೆ. ಅದರ ಬದಲು ಎಲ್ಲರೂ ಮಾಡುವ ಹಾಗೆ ನೆಲದ ಮೇಲೆ ಎರಡು ಆಂಗಲ್, ಮಧ್ಯೆ ಸರಳು, ಮುಂದಿನ ಚಕ್ರ ತೂರಿಸಲು ಒಂದೂಮುಕ್ಕಾಲು ಇಂಚಿನ ಸಂದು ಬಿಟ್ಟು 40 ಸೈಕಲ್ಲಿನ ಲೆಕ್ಕಕ್ಕೆ ಬೆಸೆದುಕೊಟ್ಟೆ. ಸುಮಾರು 38 ಸಾವಿರದ ಕೆಲಸ. ನೋಡಲು ಬಹಳ ಚೆನ್ನಾಗಿತ್ತು.

ಮೊದಲ ವಾರದಲ್ಲೇ ದೂರು ಬಂತು. ಹಳೆಯ ಹೀರೋ, ಅಟ್ಲಾಸ್ ಸೈಕಲ್ಲಿನ ಚಕ್ರ ಸಂದಿಗೆ ಸರಿಯಾಗಿ ಕೂರುತ್ತಿತ್ತು. ಗೇರ್ ಸೈಕಲ್ಲಿನ ಎರಡು ಇಂಚು ಮೀರಿದ ಟೈರ್ ಒಳಗೇ ಹೋಗಲಿಲ್ಲ. ಡಿಸ್ಕ್ ಬ್ರೇಕ್ ಇದ್ದವುಗಳಲ್ಲಿ ತಟ್ಟೆ ಸರಳಿಗೆ ತಾಗಿ ಸೊಟ್ಟಗಾಯಿತು. ಮಕ್ಕಳು ಪಕ್ಕದ ಸೈಕಲ್ ತಳ್ಳಿದರೆ ಚಕ್ರ ಸಂದಿನಲ್ಲೇ ಸಿಕ್ಕಿಕೊಂಡು ಉಳಿದ ದೇಹವೆಲ್ಲ ವಾಲುತ್ತಿತ್ತು. ಕಡ್ಡಿ ಮುರಿಯುವುದು, ರಿಮ್ ಎಂಟಾಗುವುದು ದಿನದ ಮಾತಾಯಿತು. ಅದಕ್ಕಿಂತ ದೊಡ್ಡ ಪೆಟ್ಟು ಎರಡನೇ ತಿಂಗಳಲ್ಲಿ ಬಿತ್ತು. ಅಲ್ಲಿ ಬೀಗ ಹಾಕಲು ಸಿಗುತ್ತಿದ್ದುದು ಮುಂದಿನ ಚಕ್ರ ಮಾತ್ರ. ಕೈಯಲ್ಲೇ ಬಿಚ್ಚುವ ಕ್ವಿಕ್ ರಿಲೀಸ್ ಇದ್ದ ಮೂರು ಸೈಕಲ್‌ಗಳ ಮುಂದಿನ ಚಕ್ರವನ್ನು ಬೀಗದ ಸಮೇತ ಅಲ್ಲೇ ಬಿಟ್ಟು ಮಿಕ್ಕಿದ್ದನ್ನು ಯಾರೋ ಹೊತ್ತೊಯ್ದರು. ಆ ಮೂರು ಚಕ್ರಗಳು ಸ್ಟ್ಯಾಂಡಿನಲ್ಲಿ ನಿಂತಿದ್ದನ್ನು ನೋಡಿದಾಗ ನನಗೆ ರಾತ್ರಿ ನಿದ್ರೆ ಬರಲಿಲ್ಲ. ಯಾರೂ ಕೇಳುವ ಮೊದಲೇ 12 ಸಾವಿರ ವಾಪಸು ಕೊಟ್ಟೆ.

ನಮ್ಮ ತಂದೆ ಬೇಸಾಯಗಾರರು. ಈ ಕಥೆ ಕೇಳಿ ಅವರು, "ಎತ್ತನ್ನು ಕೊರಳಿಗೆ ಹಗ್ಗ ಹಾಕಿ ಕಟ್ಟುತ್ತಾರೆ, ಬಾಲಕ್ಕೆ ಕಟ್ಟಿದರೆ ನಿಲ್ಲುತ್ತದೇನೋ?" ಎಂದರು. ಸೈಕಲ್ಲಿನ ಕೊರಳು ಅದರ ಫ್ರೇಮು. ಫ್ರೇಮು ಎರಡು ಕಡೆ ಆನಿಸಿಕೊಂಡು ನಿಲ್ಲಬೇಕು, ಬೀಗ ಫ್ರೇಮು ಮತ್ತು ಚಕ್ರ ಎರಡನ್ನೂ ಸೇರಿಸಿ ಪೈಪನ್ನು ಸುತ್ತಬೇಕು. ಹೀಗೆ ನಿಲ್ಲಿಸಲು ನನಗೆ ಸರಿ ಕಂಡ ಆಕಾರ ತಲೆಕೆಳಗಾದ ಯು. ಇಂಗ್ಲೆಂಡಿನ ಶೆಫೀಲ್ಡ್ ನಗರದ ಹೆಸರಿನಲ್ಲೇ ಅದನ್ನು ಕರೆಯುತ್ತಾರೆ. ಒಂದು ಯು, ಆಚೆಗೊಂದು ಈಚೆಗೊಂದು ಎರಡು ಸೈಕಲ್.

ಆಕಾರ ಸರಿಯಾಯಿತು, ಆದರೆ ಬುಡ ತಪ್ಪಿತು. ಎರಡನೇ ಕೆಲಸ ಒಂದು ವಿದ್ಯಾರ್ಥಿನಿಲಯದ್ದು. ಹತ್ತು ಯು, ಪ್ರತಿ ಕಾಲಿಗೆ ಬೇಸ್ ಪ್ಲೇಟ್, ನಾಲ್ಕು ನಾಲ್ಕು ಆಂಕರ್ ಬೋಲ್ಟ್. ಅರ್ಧ ದಿನದಲ್ಲಿ ಕೂರಿಸಿ ಬಂದೆ. ಮೂರು ತಿಂಗಳಾದ ಮೇಲೆ ಒಂದು ಬೆಳಗ್ಗೆ ವಾರ್ಡನ್ ಕರೆದರು. ಹೋಗಿ ನೋಡಿದರೆ ಯು ನೆಲದ ಮೇಲೆ ಮಲಗಿತ್ತು, ಎಂಟು ನಟ್ಟುಗಳು ಪಕ್ಕದಲ್ಲಿ ಸಾಲಾಗಿ ಇಟ್ಟಂತಿದ್ದವು, ಸೈಕಲ್ ಇರಲಿಲ್ಲ. 17ರ ಸ್ಪ್ಯಾನರ್ ಒಂದಿದ್ದರೆ ಐದು ನಿಮಿಷದ ಕೆಲಸ. ಉಳಿದ ನಟ್ಟುಗಳು ಬಿಚ್ಚದಂತೆ ಟ್ಯಾಕ್, ಅಂದರೆ ಚುಕ್ಕಿ ಬೆಸುಗೆ ಹಾಕಿದೆ. ಅಲ್ಲಿ ತುಕ್ಕು ತಡೆಯುವ ಜಿಂಕ್ ಲೇಪ ಸುಟ್ಟು ಮುಂದಿನ ಮಳೆಗಾಲಕ್ಕೆ ಬುಡವೆಲ್ಲ ತುಕ್ಕು. ಇನ್ನೊಂದು ಮೂಲೆಯಲ್ಲಿ ಪೇವರ್ ಕಲ್ಲಿನ ಮೇಲೆಯೇ ಬೋಲ್ಟ್ ಹಾಕಿದ್ದೆ. ಪೇವರ್ ಕೆಳಗಿರುವುದು ಜಲ್ಲಿಪುಡಿ, ಅದು ಏನನ್ನು ಹಿಡಿದೀತು? ಇಬ್ಬರು ಹುಡುಗರು ಅಲುಗಾಡಿಸಿದರೆ ಕಲ್ಲಿನ ಸಮೇತ ಎದ್ದು ಬರುತ್ತಿತ್ತು.

ಆ ಸೋಲಿನ ಮೇಲೆ ಒಂದು ಭಾನುವಾರ ವರ್ಕ್‌ಶಾಪಿನಲ್ಲಿ ಹುಡುಗರನ್ನು ಕೂರಿಸಿಕೊಂಡು ಕತ್ತರಿಸುವ ಪರೀಕ್ಷೆ ಮಾಡಿದೆವು. ಅಂಗಡಿಯಲ್ಲಿ ಆಗ 200 ರೂಪಾಯಿಗೆ ಸಿಗುತ್ತಿದ್ದ ಕೇಬಲ್ ಬೀಗ ಬೋಲ್ಟ್ ಕಟರಿಗೆ ಒಂದೇ ಒತ್ತು, ಮೂರು ಸೆಕೆಂಡೂ ಬೇಕಾಗಲಿಲ್ಲ. ಸಾಮಾನ್ಯ ಸರಪಳಿ ಇಪ್ಪತ್ತು ಸೆಕೆಂಡು. ಒಂದೂವರೆ ಇಂಚಿನ ಬಿ ಕ್ಲಾಸ್, ಅಂದರೆ ಮಧ್ಯಮ ದಪ್ಪದ ಪೈಪನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ಯಲು ನಮ್ಮ ಗಟ್ಟಿ ಹುಡುಗನಿಗೆ ಎಂಟು ನಿಮಿಷ ಹಿಡಿಯಿತು, ಬ್ಲೇಡೂ ಮುರಿಯಿತು. ಗ್ರೈಂಡರಿಗೆ ಮಾತ್ರ ಒಂದು ನಿಮಿಷವೂ ಬೇಡ, ಆದರೆ ಬೀದಿಯೆಲ್ಲ ಏಳುವಷ್ಟು ಸದ್ದು, ಕಿಡಿ. ಸ್ಟೇನ್‌ಲೆಸ್ ಸ್ಟೀಲ್ ಬೇಕೆಂದು ಹಟ ಹಿಡಿಯುವವರಿಗೂ ಅಂದೇ ಉತ್ತರ ಸಿಕ್ಕಿತು. ಹೊಳೆಯುವ ರೇಲಿಂಗ್ ಪೈಪು ಒಂದೂವರೆ ಮಿಲಿಮೀಟರ್ ದಪ್ಪದ್ದು, ಬೇಗ ಕೊಯ್ದುಹೋಗುತ್ತದೆ, ಬೆಲೆ ಮಾತ್ರ ದುಪ್ಪಟ್ಟು. 202 ದರ್ಜೆಯದಾದರೆ ಮಳೆಗೆ ಕಂದು ಕಲೆಯೂ ಬರುತ್ತದೆ.

ಈಗ ನಾನು ಪೈಪಿನೊಳಗೆ ಒಂದು ವಸ್ತು ಇಡುತ್ತೇನೆ. ಬ್ಲೇಡ್ ಅದರ ಮೇಲೆ ಜಾರುತ್ತದೆಯೇ ಹೊರತು ಕಚ್ಚುವುದಿಲ್ಲ. ಪೈಪು ಹಾಟ್ ಡಿಪ್ ಆಗಿ, ಅಂದರೆ ಕರಗಿದ ಜಿಂಕಿನಲ್ಲಿ ಮುಳುಗಿ ಲೇಪ ಹತ್ತಿಸಿಕೊಂಡು ಬಂದ ಮೇಲೆ ಇಡಬೇಕು ಎಂಬಷ್ಟನ್ನು ಮಾತ್ರ ಹೇಳುತ್ತೇನೆ. ಏನೆಂದು ಬರೆಯುವುದಿಲ್ಲ, ಅದು ನನ್ನ ಅನ್ನ.

ಇನ್ನು ಮೂರನೆಯದು, ಖಜಾಂಚಿಯವರ ಅಪಾರ್ಟ್‌ಮೆಂಟು. 2020ರ ಲಾಕ್‌ಡೌನ್ ಕಳೆದ ಮೇಲೆ ಅಲ್ಲಿ ಮನೆಮನೆಗೂ ಗೇರ್ ಸೈಕಲ್ ಬಂದಿತ್ತು, ಕಳ್ಳತನವೂ ಬಂದಿತ್ತು. ಅವರು ತೋರಿಸಿದ ಜಾಗ ಜನರೇಟರ್ ಕೋಣೆಯ ಹಿಂದಿನ ಮೂಲೆ. ಅಲ್ಲಿಯಾದರೆ ನಾನು ಕೆಲಸವನ್ನೇ ಮಾಡುವುದಿಲ್ಲ ಎಂದೆ. ಯಾರೂ ಹಾಯದ ಮೂಲೆಯಲ್ಲಿ ಎಂಥ ಉಕ್ಕು ನೆಟ್ಟರೂ ಕಳ್ಳನಿಗೆ ಪುರುಸೊತ್ತು ಸಿಗುತ್ತದೆ. ಕ್ಯಾಮೆರಾ ಇದೆಯಲ್ಲ ಎಂದರು. ಹಿಂದಿನ ಕಳ್ಳತನದ ದೃಶ್ಯ ಅವರೇ ತೋರಿಸಿದರು, ಅದರಲ್ಲಿ ಕಂಡದ್ದು ಟೋಪಿ ಹಾಕಿದವನ ಬೆನ್ನು. ಎರಡು ಸಭೆ ನಡೆದವು. ಕೊನೆಗೆ ಕಾವಲುಗಾರನ ಕುರ್ಚಿಯಿಂದ ಕಾಣುವ, ಲಿಫ್ಟಿಗೆ ಹೋಗುವವರೆಲ್ಲ ದಾಟುವ ಎರಡು ಕಾರಿನ ಜಾಗ ಬಿಡಿಸಿಕೊಂಡೆ, ಅದರಾಚೆಯ ಪೇವರ್ ಅಂಗಳದ ಒಂದು ಪಟ್ಟಿಯನ್ನೂ ಕೇಳಿ ಪಡೆದೆ. ಈ ಒಂದು ಹಟ ಗೆದ್ದದ್ದೇ ನನ್ನ ಇಡೀ ಕೆಲಸದಲ್ಲಿ ಮುಖ್ಯವಾದದ್ದು.

ಅಂತರದ ವಿಷಯದಲ್ಲೂ ಜಗಳವೇ. ಖಜಾಂಚಿಯವರಿಗೆ ಎರಡಡಿಗೊಂದು ಯು ಬೇಕಿತ್ತು, ಕಾಗದದ ಮೇಲೆ ಸೈಕಲ್ ಹೆಚ್ಚು ಹಿಡಿಯುತ್ತವೆ. ವಿದ್ಯಾರ್ಥಿನಿಲಯದಲ್ಲಿ ನಾನು ಹಾಗೆ ಮಾಡಿ ನೋಡಿದ್ದೆ. ಗೇರ್ ಸೈಕಲ್ಲಿನ ಹ್ಯಾಂಡಲ್ ಹತ್ತಿರ ಹತ್ತಿರ 70 ಸೆಂಟಿಮೀಟರ್ ಅಗಲ. ಒಂದಕ್ಕೊಂದು ಕೊಂಬು ಸಿಕ್ಕಿಸಿಕೊಂಡು ಯುಗೆ ಒಂದೇ ಸೈಕಲ್ ನಿಲ್ಲುತ್ತಿತ್ತು. ಜಾಗ ಇದ್ದರೆ ಒಂದು ಮೀಟರ್, ಎಷ್ಟೇ ಇಕ್ಕಟ್ಟಾದರೂ 80 ಸೆಂಟಿಮೀಟರಿಗಿಂತ ಕಡಿಮೆ ನಾನು ಈಗ ಮಾಡುವುದಿಲ್ಲ. ಗೋಡೆಯಿಂದ ಎರಡಡಿ ಬಿಡುತ್ತೇನೆ, ಇಲ್ಲವಾದರೆ ಮುಂದಿನ ಚಕ್ರ ಗೋಡೆಗೆ ಗುದ್ದಿ ಸೈಕಲ್ ಅರ್ಧ ಹೊರಗೆ ಉಳಿಯುತ್ತದೆ.

ಲೆಕ್ಕ ಹೀಗೆ. ನೆಲದ ಮೇಲೆ 75 ಸೆಂಟಿಮೀಟರ್, ನೆಲದೊಳಗೆ 30, ಅಗಲ 75. ಬಾಗು ಕಳೆದರೆ ಒಂದಕ್ಕೆ 2.7 ಮೀಟರ್ ಪೈಪು, ಆರು ಮೀಟರಿನ ಉದ್ದದಲ್ಲಿ ಎರಡು ಯು ಬಂದು ಎರಡಡಿ ತುಂಡು ಉಳಿಯುತ್ತದೆ. ಪೈಪಿನ ಉದ್ದಕ್ಕೂ ಇರುವ ಬೆಸುಗೆಯ ಗೆರೆ, ಅಂದರೆ ಸೀಮ್, ಬಾಗಿನ ಒಳಕ್ಕೂ ಹೊರಕ್ಕೂ ಬಾರದೆ ಪಕ್ಕಕ್ಕೆ ಬರಬೇಕು, ಇದನ್ನು ಕಲಿಯಲು ನನಗೆ ಆರೇಳು ಪೈಪು ಹಾಳಾದವು. ಪೈಪಿಗೆ ಆಗ ಸುಮಾರು 700 ರೂಪಾಯಿ, ಕಾಲುಗಳ ನಡುವಿನ ಅಡ್ಡಪಟ್ಟಿಗೆ ನೂರು, ಬಗ್ಗಿಸಿ ಬೆಸೆಯಲು 350, ಬೆಂಗಳೂರಿನ ಪೀಣ್ಯಕ್ಕೆ ಕಳಿಸಿ ಹಾಟ್ ಡಿಪ್ ಮಾಡಿಸಿ ತರಲು 300ರ ಆಸುಪಾಸು, ಗುಂಡಿ ಮತ್ತು ಕಾಂಕ್ರೀಟಿಗೆ 450, ಸಾಗಾಟ, ಊಟ ಬೇರೆ. ಎರಡು ಸಾವಿರ ದಾಟಿತು. ಎರಡೂವರೆ ಸಾವಿರದಂತೆ 24ಕ್ಕೆ 60 ಸಾವಿರ ಬಿಲ್ ಮಾಡಿದೆ. ಮೊದಲ ಎರಡು ಕೆಲಸದಲ್ಲಿ ಕೈಬಿಟ್ಟದ್ದನ್ನು ಲೆಕ್ಕ ಹಾಕಿದರೆ ಇದರಲ್ಲಿ ಬಂದದ್ದು ಅಲ್ಲಿಗಲ್ಲಿಗೆ. ಅದರಲ್ಲೂ ಹತ್ತು ಪರ್ಸೆಂಟ್ ಒಂದು ವರ್ಷ ಹಿಡಿದಿಟ್ಟುಕೊಂಡರು, ಒಂದೂ ಸೈಕಲ್ ಹೋಗದಿದ್ದರೆ ಕೊಡುತ್ತೇವೆ ಎಂದು. ಒಪ್ಪಿದೆ, ವರ್ಷ ತುಂಬಿದ ದಿನವೇ ಪಡೆದೆ.

ಡಿಪ್ಪಿಂಗಿನವರು ಮೊದಲ ಲೋಡನ್ನು ಹಾಗೆಯೇ ವಾಪಸು ಕಳಿಸಿದ್ದರು. ಕೆಳಗಿನ ಅಡ್ಡಪಟ್ಟಿಗೂ ಪೈಪೇ ಬಳಸಿದ್ದೆ, ಎರಡೂ ತುದಿ ಬೆಸೆದು ಮುಚ್ಚಿಬಿಟ್ಟಿದ್ದೆ. ಒಳಗೆ ಗಾಳಿ, ತೇವ ಸಿಕ್ಕಿಕೊಂಡ ಪೈಪನ್ನು ಕಾದು ಕರಗಿದ ಜಿಂಕಿನಲ್ಲಿ ಮುಳುಗಿಸಿದರೆ ಸಿಡಿಯುತ್ತದೆ. ತೂತು ಹೊಡೆದು ಮತ್ತೆ ಕಳಿಸಿದೆ, ಒಂದು ಟ್ರಿಪ್ ಬಾಡಿಗೆ ದಂಡ. ಬಣ್ಣ ಬಳಿದು ಮುಗಿಸಬಹುದಿತ್ತಲ್ಲ ಎನ್ನುವವರಿದ್ದಾರೆ. ದಿನಾ ಬೀಗ, ಪೆಡಲು ಉಜ್ಜುವ ಜಾಗದಲ್ಲಿ ರೆಡ್ ಆಕ್ಸೈಡ್ ಮೇಲಿನ ಎನಾಮೆಲ್ ಒಂದು ಮಳೆಗಾಲವೂ ನಿಲ್ಲುವುದಿಲ್ಲ.

ಅಂಗಳದಲ್ಲಿ ಪೇವರ್ ತೆಗೆದು, ಒಂದಡಿಗಿಂತ ತುಸು ಆಳದ ಗುಂಡಿಯಲ್ಲಿ, ಕಾಲುಗಳ ತುದಿಗೆ ತೂತು ಹೊಡೆದು 12 ಎಂಎಂ ಸರಳು ತೂರಿಸಿ ಕಾಂಕ್ರೀಟ್ ಹಾಕಿದೆ. ಸರಳು ಇದ್ದರೆ ಪೈಪು ತಿರುಗುವುದೂ ಇಲ್ಲ, ಮೇಲೇಳುವುದೂ ಇಲ್ಲ. ಕಾಂಕ್ರೀಟಿನ ತಲೆಯನ್ನು ಪೈಪಿನ ಸುತ್ತ ಅರ್ಧ ಇಂಚು ಎತ್ತರಿಸಿ ಇಳಿಜಾರು ಕೊಟ್ಟೆ, ನೀರು ಬುಡದಲ್ಲಿ ನಿಂತರೆ ಜಿಂಕ್ ಇದ್ದರೂ ತಿನ್ನುತ್ತದೆ. ಕಾರಿನ ಜಾಗವಿದ್ದ ಬೇಸ್‌ಮೆಂಟಿನ ಸ್ಲ್ಯಾಬಿಗೆ ಮಾತ್ರ ಅವರ ಎಂಜಿನಿಯರು ಡ್ರಿಲ್ ಮುಟ್ಟಿಸಲು ಬಿಡಲಿಲ್ಲ, ಕೆಳಗೆ ನೀರಿನ ಸಂಪು ಇತ್ತು. ಅಲ್ಲಿ ಆರು ಯುಗಳನ್ನು ಕಾಲುವೆಯಾಕಾರದ ಉಕ್ಕಿನ ಎರಡು ಉದ್ದ ಚಾನೆಲ್ ಮೇಲೆ ಏಣಿಯಂತೆ ಸೇರಿಸಿ ಬೆಸೆದೆ. ನೂರು ಕೆಜಿ ಮೀರಿದ ಆ ಏಣಿಯನ್ನು ಹನ್ನೆರಡು ಸೈಕಲ್ ಸಮೇತ ಯಾರು ಹೊರುತ್ತಾರೆ?

ಕೆಳಗಿನ ಅಡ್ಡಪಟ್ಟಿ ಏಕೆಂದು ಹೇಳಬೇಕು. ಮಕ್ಕಳ ಸೈಕಲ್ಲಿಗೂ ಲೇಡೀಸ್ ಸೈಕಲ್ಲಿಗೂ ಮೇಲಿನ ಪೈಪು ಎತ್ತರವಾಗುತ್ತದೆ. ನೆಲದಿಂದ ಒಂದೂವರೆ ಅಡಿಯಲ್ಲಿ ಅಡ್ಡಪಟ್ಟಿ ಇದ್ದರೆ ಅವೂ ಆನಿಕೊಳ್ಳುತ್ತವೆ. ಇದನ್ನು ಕಲಿತದ್ದು ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. 2006ರಿಂದ ಹಲವು ವರ್ಷ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುತ್ತಿತ್ತು, ಆದರೆ ನಾನು ನೋಡಿದ ಬಹುತೇಕ ಶಾಲೆಗಳಲ್ಲಿ ಅವು ನಿಲ್ಲುತ್ತಿದ್ದುದು ಬೇವಿನ ಮರದ ಕೆಳಗೆ, ಒಂದರ ಮೇಲೊಂದು ಬಿದ್ದು. ಅಲ್ಲಿ ಕಳ್ಳನ ಭಯಕ್ಕಿಂತ ಬೀಳುವ ಭಯ ಹೆಚ್ಚು. ಹಿಂದಿನ ಚಕ್ರಕ್ಕೆ ರಿಂಗ್ ಬೀಗ ಹೇಗೂ ಇರುತ್ತದೆ. ಹಳೆಯ ವಿದ್ಯಾರ್ಥಿಗಳು ಸೇರಿಸಿದ 20 ಸಾವಿರದಲ್ಲಿ ಯು ಮಾಡಲಾಗದೆ, ಕಂಬಗಳ ನಡುವೆ ಉದ್ದ ಪೈಪು ಹಾಕಿ, ಅದರ ಕೆಳಗೊಂದು ತಗ್ಗಿನ ಪೈಪು ಹಾಕಿದೆ. ಎತ್ತುಗಳನ್ನು ಕಟ್ಟಿದಂತೆ ಸೈಕಲ್ಲುಗಳು ಸಾಲಾಗಿ ನಿಲ್ಲುತ್ತವೆ. ಅಲ್ಲಿ ನಾನು ಲಾಭ ಇಟ್ಟುಕೊಳ್ಳಲಿಲ್ಲ.

ಪುರಸಭೆಯೊಂದರ ಸಂತೆ ಮೈದಾನದ ಕೆಲಸದಲ್ಲಿ ಬೇರೆಯೇ ತೊಂದರೆ. ಯುಗಳ ನಡುವೆ ಬೈಕು, ಸ್ಕೂಟರು ಬಂದು ನಿಂತವು. ಫಲಕ ಹಾಕಿದರೂ ಕೇಳಲಿಲ್ಲ. ಕೊನೆಗೆ ಇಡೀ ಜಾಗವನ್ನು ಒಂದು ಗೇಣು ಎತ್ತರದ ಕಟ್ಟೆಯಾಗಿ ಮಾಡಿಸಿ, ಹತ್ತಲು 75 ಎಂಎಂ ಚಾನೆಲ್ಲನ್ನು ಮಲಗಿಸಿ ಕಾಲುವೆಯಂತೆ ಇಟ್ಟೆ. ಸೈಕಲ್ ಚಕ್ರ ಅದರಲ್ಲಿ ಉರುಳುತ್ತದೆ, ಸ್ಕೂಟರಿನ ದಪ್ಪ ಟೈರು ಕೂರುವುದಿಲ್ಲ. ಅಂದಿನಿಂದ ಸೈಕಲ್ಲಿಗೇ ಉಳಿದಿದೆ. ಆ ಬಿಲ್ಲಿಗೆ ಹದಿನಾಲ್ಕು ತಿಂಗಳು ಓಡಾಡಿದೆ.

ಬೇರೆ ಪ್ರಯೋಗಗಳನ್ನೂ ಮಾಡಿ ದುಡ್ಡು ಕಳೆದಿದ್ದೇನೆ. ನೆದರ್‌ಲೆಂಡ್ಸ್‌ನ ಉಟ್ರೆಕ್ಟ್ ರೈಲು ನಿಲ್ದಾಣದಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಸೈಕಲ್ ನಿಲ್ಲುವ ಕಟ್ಟಡವಿದೆ, ಅಲ್ಲಿ ಎರಡಂತಸ್ತಿನ ಸ್ಟ್ಯಾಂಡ್‌ಗಳಿವೆ. ಅದರ ವಿಡಿಯೊ ನೋಡಿ ನಾನೂ ಒಂದು ಮಾಡಿದೆ, 15 ಸಾವಿರ ಹೋಯಿತು. ಇಪ್ಪತ್ತು ಕೆಜಿ ಮೀರಿದ ನಮ್ಮ ಹಳೇ ಸೈಕಲ್ಲನ್ನು ಮೇಲಿನ ಅಂತಸ್ತಿಗೆ ತಳ್ಳಲು ಗ್ಯಾಸ್ ಸ್ಪ್ರಿಂಗ್ ಬೇಕೇ ಬೇಕು, ನಾನು ಹಾಕಿದ ಮಾಮೂಲಿ ಸ್ಪ್ರಿಂಗ್ ಎರಡು ವಾರಕ್ಕೆ ಸತ್ತಿತು. ಗೋಡೆಗೆ ಕೊಕ್ಕೆ ಹಾಕಿ ನೇತುಹಾಕುವುದು ಹಗುರ ಸೈಕಲ್ಲಿಗೆ, ಬಾಲ್ಕನಿಗೆ ಸರಿ. ಜಾಲರಿ ಕೋಣೆಗೆ ಬೀಗ ಹಾಕಿ ಮನೆಗೊಂದು ಕೀಲಿ ಕೊಟ್ಟರೆ ಆರು ತಿಂಗಳಲ್ಲಿ ಕೀಲಿಗಳೇ ಲೆಕ್ಕಕ್ಕೆ ಸಿಗುವುದಿಲ್ಲ. ಅಂಥ ಕೋಣೆ ಮಾಡುವುದಾದರೆ ಒಳಗೂ ಯು ನೆಡಿ, ಗೋಡೆಗೆ ತಗಡು ಬೇಡ, ಒಳಗಿರುವವನು ಹೊರಗೆ ಕಾಣುವಂತೆ ಜಾಲರಿಯೇ ಇರಲಿ.

ಖಜಾಂಚಿಯವರ ಎಂಟಕ್ಕೆ ಮುಂದಿನ ವಾರ ಗುಂಡಿ ತೋಡುತ್ತೇವೆ. ಈ ಸಲ ನಾಲ್ಕು ಮಕ್ಕಳ ಎತ್ತರದವು, ನಾಲ್ಕು ದೊಡ್ಡವು. ಪೈಪಿನ ಬೆಲೆ ಏರಿದೆ, 2,900 ಎಂದೆ. ಅವರು ಚೌಕಾಸಿ ಮಾಡಲಿಲ್ಲ.